ಚಿಂಟುನೋ, ಖುಷಿನೋ? ಅಜ್ಜಿ ಮನಿ ಟೀವಿ ಬಗ್ಗೆ

ಅಕ್ಕಾರ, ನ್ಯೂಯಾರ್ಕಿನ್ಯಾಗ ಬೆಳೆಯೋ ಐದು ವರ್ಷದ ಮಗ ರಜೆಗೆ ಬಳ್ಳಾರಿಗೆ ಅಜ್ಜಿ ಮನಿಗೆ ಹೋದಾಗ ಯಾವ ಕಾರ್ಟೂನ್ ಚಾನೆಲ್ ಹಚ್ಚಿದ್ರ ಕನ್ನಡ ಹತ್ತತೈತಿ ಅಂತ ಕೇಳೀರಲ್ಲ. ಚಿಂಟು ಮೇಲೋ ಖುಷಿ ಮೇಲೋ ಅಂತ ವಾದ ಮಾಡೋರು ಈ ಗುಂಪಿನ್ಯಾಗ ಭಾಳ ಮಂದಿ ಅದಾರ. ಎರಡೂ ಸನ್ ನೆಟ್‌ವರ್ಕ್‌ನವೇ, ಎರಡೂ 2009ರಾಗ ಶುರು ಆದವು. ಚಿಂಟು ಕನ್ನಡ, ಖುಷಿ ತೆಲುಗು. ನಿಮಗ ಬೇಕಾಗಿದ್ದು ಚಾನೆಲ್ ಹೆಸರಲ್ಲ, ಅದರ ಆಡಿಯೊ, ಅಂದ್ರ ಅದು ಯಾವ ಭಾಷಿಯಾಗ ಮಾತಾಡತೈತಿ ಅನ್ನೋದು.

ಸಿರುಗುಪ್ಪ, ಬಳ್ಳಾರಿ ಕಡೆ ಹಳೇ ಅಭಿಮಾನಿಗಳಿಗೆ ಟಾಮ್ ಜೆರ್ರಿ ಬಿಟ್ಟು ಉಳಿದದ್ದೆಲ್ಲಾ ಹಿಂದಿಯಾಗ, ಇಲ್ಲಾ ತೆಲುಗಿನ್ಯಾಗ ನೆನಪು. ಕಾರಣ ಗೊತ್ತಿದ್ದದ್ದೇ: ಕನ್ನಡಕ್ಕ ಡಬ್ಬಿಂಗ್ ಬ್ಯಾಡ ಅಂತ ಚಿತ್ರರಂಗ, ಟೀವಿಯವರು ದಶಕಗಟ್ಟಲೆ ತಡದ್ರು. ಹಿಂಗ ತಡಿಯೋದು ತಪ್ಪು ಅಂತ ವ್ಯಾಪಾರದಾಗ ಪೈಪೋಟಿಗೆ ಅಡ್ಡಿ ಆಗದಂಗ ನೋಡೋ ಭಾರತದ ಸ್ಪರ್ಧಾ ಆಯೋಗ ಹೇಳಿದ್ದು 2015ರಾಗ. ಅಷ್ಟೊತ್ತಿಗೆ ತಮಿಳು, ತೆಲುಗು ಹುಡುಗ್ರು ತಮ್ಮ ಮಾತಿನ್ಯಾಗ ಕಾರ್ಟೂನ್ ನೋಡಿ ದೊಡ್ಡವರಾಗಿದ್ರು. ಆ ಬರಗಾಲದಾಗ ಕನ್ನಡ ಹುಡುಗ್ರ ಕೈಗೆ ಸಿಕ್ಕಿದ್ದು ಚಿಂಟು.

ನಿಮ್ಮ ಮಗನ ವಯಸ್ಸಿಗೆ ಡೋರಾ ಅನ್ನೋ ಹುಡುಗಿ ಕಾರ್ಟೂನ್ ತರದ್ದು ನೋಡ್ರಿ. ಡೋರಾ ಪ್ರಶ್ನೆ ಕೇಳಿ, ಪರದೆ ಕಡೆ ಮುಖ ಮಾಡಿ ಸುಮ್ನ ನಿಂತಿರ್ತಾಳ. ಆ ಎರಡು ಮೂರು ಸೆಕೆಂಡಿನ್ಯಾಗ ಹುಡುಗ ಬಾಯಿ ಬಿಡಬೇಕು. ಹೊಡೆದಾಟದ ಕಾರ್ಟೂನಿನ್ಯಾಗ ಆ ಬಿಡುವು ಇರಂಗಿಲ್ಲ. ಢಿಶುಂ ಅನ್ನೋಕ ಯಾವ ಭಾಷಿ ಬೇಕು? ಛೋಟಾ ಭೀಮ್ ಚೆನ್ನಾಗೈತಿ, ಆದ್ರ ಅದು ಮಾತಿಗಿಂತ ಲಡ್ಡು, ಗುದ್ದಿನ ಮ್ಯಾಲ ನಡಿತೈತಿ.

ಸೆಟ್‌ಟಾಪ್ ಬಾಕ್ಸಿನ ತಕರಾರು ಇನ್ನೊಂದು. ರಿಮೋಟಿನ್ಯಾಗ ಆಡಿಯೊ ಇಲ್ಲಾ ಲ್ಯಾಂಗ್ವೇಜ್ ಬಟನ್ ಒತ್ತಿ ಕನ್ನಡ ಮಾಡಿದ್ರ ಕೆಲವು ಬಾಕ್ಸಿನ್ಯಾಗ ಅದು ಆ ಚಾನೆಲ್‌ಗಷ್ಟ ನಿಲ್ಲತೈತಿ. ಕರೆಂಟ್ ಹೋಗಿ ಬಂತಂದ್ರ ಮತ್ತ ಹಿಂದಿ. ಅದಕ್ಕ ಮೆನು, ಸೆಟ್ಟಿಂಗ್ಸ್‌ಗೆ ಹೋಗಿ ಡೀಫಾಲ್ಟ್ ಭಾಷಿನ ಕನ್ನಡ ಮಾಡಿ ಸೇವ್ ಮಾಡ್ರಿ. ಪಟ್ಟಿಯಾಗ ಕನ್ನಡ ಕಾಣಲಿಲ್ಲಂದ್ರ ಬಾಕ್ಸ್ ಕೆಟ್ಟಿಲ್ಲ. ಚಾನೆಲ್‌ದವರು ಕಳಿಸಿದ ಆಡಿಯೊ ಎಲ್ಲಾನೂ ಕೇಬಲಿನವರು ಮುಂದ ಬಿಡಬೇಕಂತಿಲ್ಲ, ಒಂದೆರಡು ಮಾತ್ರ ಬಿಟ್ಟಿರ್ತಾರ. ಚಾನೆಲ್ ಬರಲೇ ಇಲ್ಲಂದ್ರ ಪ್ಯಾಕ್ ಬದಲಿಸೋದು ಬ್ಯಾಡ. 2019ರಿಂದ ಒಂದೊಂದ ಚಾನೆಲ್ ಬಿಡಿಯಾಗಿ ತಗೊಳ್ಳಾಕ ಬರತೈತಿ, ಅಜ್ಜಗ ಹೇಳಿ ಕೇಬಲಿನವರ ಕಡೆ ಅದೊಂದನ್ನ ಸೇರಿಸಿಕೊಳ್ರಿ.

ರಜೆ ಮುಗಿದ ಮ್ಯಾಲ ವಿಡಿಯೊ ಕಾಲಿನ್ಯಾಗ ಅಜ್ಜಿ, ಮೊಮ್ಮಗ ಕೂಡೇ ನೋಡೋದು ಕೇಳಾಕ ಚಂದ. ಮಾಡಿದ್ರ ಕೆಡತೈತಿ. ನಿಮ್ಮ ಕಡೆ ಆ್ಯಪಿನ್ಯಾಗ ಬರೋ ಚಿತ್ರ ಅಜ್ಜಿ ಮನಿ ಟೀವಿಗಿಂತ ಅರ್ಧ ನಿಮಿಷ, ಒಮ್ಮೊಮ್ಮೆ ಇನ್ನೂ ಹಿಂದ ಇರತೈತಿ. ಅಲ್ಲಿ ಅಜ್ಜಿ ನಕ್ಕಾಗ ಇಲ್ಲಿ ಮಂಗ್ಯಾ ಇನ್ನೂ ಬಿದ್ದಿರಂಗಿಲ್ಲ. ಎರಡೂ ಕಡೆ ಟೀವಿ ದನಿ ಫೋನಿಗೆ ಹೊಕ್ಕು ಗುಂಯ್ ಅಂತೈತಿ. ಬೇರೆ ಬೇರೆ ನೋಡಿ, ಟೀವಿ ಆರಿಸಿ, ಆಮೇಲೆ ಫೋನ್ ಹಚ್ರಿ. ಬಳ್ಳಾರಿ ಸಂಜಿ 6 ಅಂದ್ರ ಬ್ಯಾಸಗ್ಯಾಗ ನ್ಯೂಯಾರ್ಕ್ ಮುಂಜಾನಿ 8.30, ಶನಿವಾರ ಆದ್ರ ಸಾಲಿ ಗದ್ದಲ ಇಲ್ಲ. ಏನೇನಾತು ಅಂತ ಅಜ್ಜಿ ಕೇಳ್ಲಿ, ಮಗ ಹೇಳ್ಲಿ.

ರಾಯಚೂರಿನಿಂದ ಇನ್ನೊಬ್ರು: ಅಣ್ಣಾರು ಹೇಳಿದ್ದು ಖರೆ. ಒಂದು ಹೇಳೋದು ಬಿಟ್ರಿ. ಡಬ್ಬಿಂಗ್ ಕನ್ನಡ ಬೆಂಗಳೂರಿಂದು. ಹುಡುಗ "ಏನು ಮಾಡ್ತಿದ್ದೀಯ" ಕಲಿತಿರ್ತಾನ, ಅಜ್ಜಿ "ಏನ್ ಮಾಡಾಕತ್ತೀಯೋ" ಅಂದ್ರ ಪಿಳಿಪಿಳಿ ನೋಡ್ತಾನ. ಎರಡೂ ಒಂದ ಅಂತ ಮೊದಲನೇ ವಾರದಾಗ ಹೇಳಿಕೊಡ್ರಿ, ಇಲ್ಲಂದ್ರ ಅಜ್ಜಿ ಮಾತು ತಪ್ಪು ಅಂತ ಅವಂಗ ಅನಿಸಿಬಿಡತೈತಿ.