ಸಹಾಯ ಬೇಕು: ಮಿಯಾಟಾ ತಗೊಳ್ಳಲಾ, ಜಿಆರ್86 ತಗೊಳ್ಳಲಾ?

ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿದ್ದೇನೆ. ಮಾಜ್ದಾ ಮಿಯಾಟಾ, ಟೊಯೋಟಾ ಜಿಆರ್86 ಎರಡೂ ಸ್ಪೋರ್ಟ್ಸ್ ಕಾರುಗಳನ್ನು ಓಡಿಸಿ ನೋಡಿ ತಲೆ ಕೆಟ್ಟಿದೆ. ಎರಡೂ ಮ್ಯಾನ್ಯುಯಲ್, ಎರಡರಲ್ಲೂ ಹಿಂದಿನ ಚಕ್ರಗಳೇ ತಳ್ಳುವುದು.

ಮಿಯಾಟಾಗೆ 181 ಹಾರ್ಸ್‌ಪವರ್ ಅಷ್ಟೇ, ಆದರೆ ಸುಮಾರು 200 ಕಿಲೋ ಹಗುರ. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ. ಗೇರ್ ಮಾತ್ರ ಬೆಣ್ಣೆ! ಮೇಲಿನ ಛಾವಣಿ ತೆಗೆದರೆ 40 ಮೈಲಿ ವೇಗದಲ್ಲೇ ಹಬ್ಬ. ಜಿಆರ್86 ತಿರುವಿನಲ್ಲೂ ಬಿಗಿಯಾಗಿ ನಿಲ್ಲುತ್ತದೆ. 2.4 ಲೀಟರ್ ಬಾಕ್ಸರ್ ಇಂಜಿನ್ (ಸಿಲಿಂಡರ್‌ಗಳು ಎದುರುಬದುರು ಮಲಗಿರುವಂಥದ್ದು), 228 ಹಾರ್ಸ್‌ಪವರ್, ಎಳೆತ ಜಾಸ್ತಿ. ಹಿಂದೆ ಸೀಟೂ ಇದೆ, ಸುಮ್ನೆ ಹೆಸರಿಗೆ.

ನನ್ನ ಎತ್ತರ ಆರಡಿ. ಮಿಯಾಟಾದಲ್ಲಿ ಮೊಣಕಾಲು ಸ್ಟೀರಿಂಗ್‌ಗೆ ತಾಗಿತು. ವಾರವಿಡೀ ಫ್ರೀವೇ, ಭಾನುವಾರ ಸ್ಕೈಲೈನ್ ಬುಲೆವಾರ್ಡ್ ಬೆಟ್ಟದ ದಾರಿ. ಎತ್ತರದವರು ಯಾರಾದರೂ ಮಿಯಾಟಾವನ್ನು ದಿನಾ ಓಡಿಸುತ್ತೀರಾ? ಸದ್ದು, ಬೆನ್ನು ನೋವು ಹೇಗೆ?