ಅಪ್‌ಡೇಟ್: ರೀಫ್ ಟ್ಯಾಂಕ್‌ಗೆ ಕೊನೆಗೂ ಎಲ್‌ಇಡಿ ಹಾಕಿದೆ

200 ಲೀಟರ್ ರೀಫ್ ಟ್ಯಾಂಕ್‌ಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಎಲ್‌ಇಡಿ ಲೈಟ್ ಒಳ್ಳೆಯದಾ, ಟಿ5 ಅನ್ನುವ ತೆಳು ಟ್ಯೂಬ್‌ಲೈಟಾ, ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯ ಜೊತೆ ಹೊರತೆಗೆಯುವ ಸಾಧನ) ಬೇಕೇ ಬೇಕಾ ಅಂತ ಮೂರು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಎಲ್‌ಇಡಿ ತಗೊಂಡೆ. ನೀಲಿ, ಬಿಳಿ ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು ಅನ್ನುವುದೇ ಕಾರಣ.

ಆದರೆ ಹುರುಪಿನಲ್ಲಿ ಮೊದಲ ದಿನವೇ ಬೆಳಕನ್ನು 100% ಇಟ್ಟುಬಿಟ್ಟೆ. ನಾಲ್ಕೇ ದಿನಕ್ಕೆ ಹ್ಯಾಮರ್ ಕೋರಲ್ (ಸುತ್ತಿಗೆಯಂಥ ತುದಿಗಳಿರುವ ಹವಳ) ಮುದುರಿಕೊಂಡು ಕೂತಿತು. ತುದಿಯ ಹಸಿರು ಹೋಗಿ ಬಿಳಿಚಿಕೊಂಡಿತು. ನಿಧಾನಕ್ಕೆ ಏರಿಸಿ ಅಂತ ನೀವು ಹೇಳಿದ್ದನ್ನು ಕೇಳಬೇಕಿತ್ತು, ಅಲ್ವಾ! 35%ಗೆ ಇಳಿಸಿ, ವಾರಕ್ಕೆ 5% ಮಾತ್ರ ಏರಿಸುತ್ತಾ ಬಂದೆ. ಸ್ನೇಹಿತರ ಪಾರ್ ಮೀಟರ್ (ಹವಳಕ್ಕೆ ಸಿಗುವ ಬೆಳಕನ್ನು ಅಳೆಯುವ ಸಾಧನ) ತಂದು ಅಳೆದಾಗ ಕಲ್ಲಿನ ಮೇಲ್ಭಾಗದಲ್ಲಿ 240, ಮರಳಿನ ಹತ್ತಿರ 90 ಬಂತು. ಹ್ಯಾಮರನ್ನು ಕೆಳಗಿಟ್ಟೆ. ಈಗ ಬೆಳಿಗ್ಗೆ ಲೈಟ್ ಬಂದ ಅರ್ಧ ಗಂಟೆಗೆಲ್ಲ ಉಬ್ಬಿ, ಅಲೆಗೆ ತೂಗಾಡುತ್ತದೆ.

200 ವ್ಯಾಟ್‌ನ ಒಂದು ಹೀಟರ್ ಬದಲು 100 ವ್ಯಾಟ್‌ನ ಎರಡು ಹಾಕಿದ್ದೇನೆ. ಒಂದು ಆನ್ ಆಗಿಯೇ ಸಿಕ್ಕಿಕೊಂಡರೂ ಅಷ್ಟು ಬೇಗ ನೀರು ಕುದಿಸಿಬಿಡಲ್ಲ.

ಸ್ಕಿಮ್ಮರ್ ಸುಮ್ನೆ ಖರ್ಚು ಅಂದುಕೊಂಡಿದ್ದೆ. ಅದರ ಕಪ್‌ನಲ್ಲಿ ಸೇರಿದ ಕಂದು ರಾಡಿಯ ವಾಸನೆ ನೋಡಿದ ಮೇಲೆ ಆ ಮಾತು ವಾಪಸ್. ಮುಂದಿನ ಯೋಚನೆ ಎರಡನೇ ವೇವ್‌ಮೇಕರ್, ಅಂದರೆ ನೀರಲ್ಲಿ ಅಲೆ ಎಬ್ಬಿಸುವ ಪಂಪ್.