ಅಪ್‌ಡೇಟ್: ಇಮ್ಯಾಟಿನಿಬ್ ಕುಳಿಯೊಳಗೆ ಸೇರಿತು
ರಕ್ತ ಕ್ಯಾನ್ಸರಿನ ಔಷಧಿ ಇಮ್ಯಾಟಿನಿಬ್ ಅನ್ನು ಅದರ ಗುರಿಯಾದ ಏಬಲ್ ಕೈನೇಸ್ ಎಂಬ ಕಿಣ್ವ ಪ್ರೋಟೀನಿಗೆ ಡಾಕಿಂಗ್ ಮಾಡಿದಾಗ, ಅಂದರೆ ಕಂಪ್ಯೂಟರ್‌ನಲ್ಲಿ ಹೊಂದಿಸಿ ನೋಡಿದಾಗ, ಅಣು ಪ್ರೋಟೀನಿನ ಕುಳಿಯ ಹೊರಗೇ ಉಳಿಯುವುದೇಕೆ ಎಂದು ಕೇಳಿದ್ದೆ. ಪ್ರೋಟೀನಿನ ಆಕಾರವನ್ನು ನೋಡಿ ಎಂದವರಿಗೆ ಮನಃಪೂರ್ವಕ ಧನ್ಯವಾದ. ಈ ಔಷಧಿ ಹಿಡಿಯುವುದು ಕೈನೇಸಿನ ನಿಷ್ಕ್ರಿಯ ರೂಪವನ್ನು. ಅದರ ಆಸ್ಪಾರ್ಟೇಟ್-ಫಿನೈಲಲನಿನ್-ಗ್ಲೈಸಿನ್ ಎಂಬ ಮೂರು ಅಮೈನೋ ಆಮ್ಲಗಳ ತುಣುಕು ಹೊರಳಿದಾಗ ಮಾತ್ರ ಆಳದ ಪೊಟರೆ ತೆರೆಯುತ್ತದೆ. ಆ ರಚನೆಯನ್ನು ಬಳಸಿದೊಡನೆ ಔಷಧಿಯ ಪಿರಿಡಿನ್ ಉಂಗುರದ ನೈಟ್ರೋಜನ್ ಪ್ರೋಟೀನಿನ ಮೆಥಿಯೋನಿನ್ 318ರೊಂದಿಗೆ (ಸಂಖ್ಯೆ ಎಂದರೆ ಅಮೈನೋ ಆಮ್ಲದ ಸ್ಥಾನ), ಅಮೈಡ್ ಭಾಗ ಗ್ಲುಟಮೇಟ್ 286 ಮತ್ತು ಆಸ್ಪಾರ್ಟೇಟ್ 381ರೊಂದಿಗೆ ಹೈಡ್ರೋಜನ್ ಬಂಧ ಕಟ್ಟಿದವು. ಎಷ್ಟು ಚಂದದ ಹೊಂದಾಣಿಕೆ! ಔಷಧಿಯ ಪಿಪೆರಜಿನ್ ಉಂಗುರಕ್ಕೆ ಧನ ವಿದ್ಯುದಂಶ ಕೊಡುವುದನ್ನು ಯಾರೂ ಬಿಡಬೇಡಿ.

ಈ ಪ್ರೋಟೀನಿನ ಥ್ರಿಯೋನಿನ್ 315 ಐಸೊಲ್ಯೂಸಿನ್ ಆಗಿ ಬದಲಾದ ರಕ್ತ ಕ್ಯಾನ್ಸರ್ ರೋಗಿಗಳಿಗೆ ಈ ಔಷಧಿ ನಾಟದಿರುವ ಕಾರಣವೂ ಈಗ ಪರದೆಯ ಮೇಲೆ ಕಾಣುತ್ತಿದೆ: ಒಂದು ಬಂಧ ತಪ್ಪುತ್ತದೆ, ಜಾಗವೂ ಇಕ್ಕಟ್ಟಾಗುತ್ತದೆ. ಮುಂದೆ ಪೊನಾಟಿನಿಬ್ ಎಂಬ ಇನ್ನೊಂದು ಔಷಧಿಯನ್ನು ಪ್ರಯತ್ನಿಸುತ್ತೇನೆ. ಅದರ ತ್ರಿಬಂಧದ ನೇರ ಕೊಂಡಿ ಆ ಐಸೊಲ್ಯೂಸಿನ್‌ಗೆ ಡಿಕ್ಕಿ ಹೊಡೆಯದೆ ಸಾಗುತ್ತದೆ.